ಔಷಧ ಕಾರ್ಖಾನೆಯಲ್ಲಿ ಕಿಣ್ವಗಳ ಕೆಲಸ

ಆಂಪಿಸಿಲಿನ್, ಅಮಾಕ್ಸಿಸಿಲಿನ್ ಮೊದಲಾದ ಪ್ರತಿಜೈವಿಕಗಳು ಕಾರ್ಖಾನೆಯಲ್ಲಿ ಒಂದೇ ತಿರುಳಿನಿಂದ ತಯಾರಾಗುತ್ತವೆ. 6-ಅಮೈನೊಪೆನಿಸಿಲಾನಿಕ್ ಆಮ್ಲ ಎಂಬುದು ಅದರ ಪೂರ್ಣ ಹೆಸರು. ಉದ್ಯಮದಲ್ಲಿ ಎಲ್ಲರೂ ಅದನ್ನು 6-ಎಪಿಎ ಎಂದೇ ಕರೆಯುತ್ತಾರೆ. ಶಿಲೀಂಧ್ರವನ್ನು ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿ ಪಡೆದ ಪೆನಿಸಿಲಿನ್ ಜಿ ಅಣುವಿನಿಂದ ಒಂದು ಬಾಲವನ್ನು ಕತ್ತರಿಸಿ ತೆಗೆದರೆ ಈ ತಿರುಳು ಉಳಿಯುತ್ತದೆ, ಆಮೇಲೆ ಅದಕ್ಕೆ ಬೇರೆ ಬೇರೆ ಬಾಲಗಳನ್ನು ಜೋಡಿಸಿದಾಗ ಬೇರೆ ಬೇರೆ ಔಷಧಗಳು ಸಿಗುತ್ತವೆ. ಹೇಳಲು ಸುಲಭವಾದ ಈ ಕತ್ತರಿಸುವ ಕೆಲಸ ಮಾಡಲು ಹೊರಟರೆ ಪೇಚಿನದು. ಪೆನಿಸಿಲಿನ್ ಜಿಯಲ್ಲಿ ಎರಡು ಅಮೈಡ್ ಬಂಧಗಳು, ಅಂದರೆ ಕಾರ್ಬನ್ ಮತ್ತು ಸಾರಜನಕದ ನಡುವಿನ ಒಂದು ಬಗೆಯ ಕೊಂಡಿಗಳು, ಇವೆ: ಒಂದು ಬಾಲವನ್ನು ಹಿಡಿದಿಟ್ಟಿರುವುದು, ಇನ್ನೊಂದು ನಾಲ್ಕು ಪರಮಾಣುಗಳ ಬೀಟಾ-ಲ್ಯಾಕ್ಟಮ್ ಉಂಗುರದೊಳಗೆ ಸೇರಿರುವುದು. ಬಾಲದ ಬಂಧ ಗಟ್ಟಿಯಾದದ್ದು, ಉಂಗುರದ ಬಂಧ ಮಾತ್ರ ಬಿಗಿದ ಸ್ಥಿತಿಯಲ್ಲಿರುವುದರಿಂದ ದುರ್ಬಲ. ಆಮ್ಲವನ್ನೋ ಕ್ಷಾರವನ್ನೋ ಹಾಕಿ ಕತ್ತರಿಸಹೊರಟರೆ ಮೊದಲು ಮುರಿಯುವುದು ಉಂಗುರವೇ, ಮತ್ತು ಔಷಧದ ಗುಣವೆಲ್ಲ ಇರುವುದು ಆ ಉಂಗುರದಲ್ಲಿ.

ಒಂದು ಕಾಲದಲ್ಲಿ ವ್ಯಾಪಕವಾಗಿದ್ದ ರಾಸಾಯನಿಕ ವಿಧಾನ ಈ ಪೇಚನ್ನು ಸುತ್ತುದಾರಿಯಿಂದ ಬಿಡಿಸುತ್ತಿತ್ತು. ಮೊದಲು ಅಣುವಿನ ಆಮ್ಲ ಗುಂಪಿಗೆ ಸಿಲಿಕಾನ್ ಇರುವ ಸಂಯುಕ್ತವೊಂದನ್ನು ಜೋಡಿಸಿ ರಕ್ಷಣೆ ಕೊಡುವುದು, ಬಳಿಕ ನೀರಿನ ಅಂಶವೇ ಇಲ್ಲದ ಕ್ಲೋರಿನ್‌ಯುಕ್ತ ದ್ರಾವಕದಲ್ಲಿ ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿ ಫಾಸ್ಫರಸ್ ಪೆಂಟಾಕ್ಲೋರೈಡ್ ಸೇರಿಸುವುದು, ಆಮೇಲೆ ಆಲ್ಕೊಹಾಲ್, ಕೊನೆಗೆ ನೀರು. ಪ್ರತಿ ಹಂತದಲ್ಲೂ ತೇವ ತಗುಲದಂತೆ ಕಾಯಬೇಕು, ತಣ್ಣಗಿಡಲು ವಿದ್ಯುತ್ ಸುರಿಯಬೇಕು, ಹೊರಬರುವ ಕ್ಲೋರಿನ್ ಮತ್ತು ರಂಜಕದ ತ್ಯಾಜ್ಯಕ್ಕೆ ದಾರಿ ಹುಡುಕಬೇಕು.

ಈಗ ಅದೇ ಕೆಲಸವನ್ನು ಪೆನಿಸಿಲಿನ್ ಅಸೈಲೇಸ್ ಎಂಬ ಕಿಣ್ವ ನೀರಿನಲ್ಲಿ, ನಮ್ಮ ಮೈಯ ಉಷ್ಣತೆಯ ಆಸುಪಾಸಿನಲ್ಲಿ, ಒಂದೇ ಹಂತದಲ್ಲಿ ಮಾಡಿ ಮುಗಿಸುತ್ತದೆ. ಇ. ಕೋಲೈ ಮುಂತಾದ ಬ್ಯಾಕ್ಟೀರಿಯಾಗಳಿಂದ ಪಡೆದ ಈ ಕಿಣ್ವವನ್ನು ಸಣ್ಣ ರಾಳದ ಮಣಿಗಳಿಗೆ ಅಂಟಿಸಿ, ಪೆನಿಸಿಲಿನ್ ದ್ರಾವಣವಿರುವ ರಿಯಾಕ್ಟರಿಗೆ ಹಾಕಿ ಕಲಕುತ್ತಾರೆ. ಬಾಲ ಕತ್ತರಿಸಿದಾಗ ಫೀನೈಲ್ ಅಸಿಟಿಕ್ ಆಮ್ಲ ಬಿಡುಗಡೆಯಾಗುವುದರಿಂದ ದ್ರಾವಣದ ಪಿಎಚ್ ಇಳಿಯತೊಡಗುತ್ತದೆ; ಅದನ್ನು 8ರ ಸುಮಾರಿನಲ್ಲಿ ಹಿಡಿದಿಡಲು ಕ್ಷಾರವನ್ನು ಹನಿಹನಿಯಾಗಿ ಬಿಡುತ್ತಿರಬೇಕು. ಹೀಗಾಗಿ ರಿಯಾಕ್ಟರಿನ ಮುಂದೆ ನಿಂತವರಿಗೆ ಕ್ರಿಯೆ ಎಲ್ಲಿಯವರೆಗೆ ಬಂದಿದೆ ಎಂದು ತಿಳಿಯಲು ಪ್ರತ್ಯೇಕ ಪರೀಕ್ಷೆ ಬೇಕಾಗುವುದಿಲ್ಲ, ಎಷ್ಟು ಕ್ಷಾರ ಖರ್ಚಾಯಿತು ಎಂಬ ಲೆಕ್ಕವೇ ಅದನ್ನು ಹೇಳುತ್ತದೆ. ಕ್ಷಾರದ ಹರಿವು ನಿಂತಿತೆಂದರೆ ಕತ್ತರಿಸುವ ಕೆಲಸವೂ ನಿಂತಿತು. ಆಗ ಜರಡಿಯ ಮೂಲಕ ದ್ರಾವಣವನ್ನು ಬಸಿದು, ಮಣಿಗಳನ್ನು ತೊಳೆದು, ಮುಂದಿನ ಬ್ಯಾಚ್ ತುಂಬಿಸುತ್ತಾರೆ. ಒಂದೇ ಮಣಿರಾಶಿ ನೂರಾರು ಬ್ಯಾಚ್‌ಗಳಿಗೆ ಬರುತ್ತದೆ. ಬಸಿದ ದ್ರಾವಣದ ಪಿಎಚ್ ಅನ್ನು 4ರ ಹತ್ತಿರಕ್ಕೆ ಇಳಿಸಿದರೆ 6-ಎಪಿಎ ಹರಳುಗಟ್ಟಿ ಬೇರೆಯಾಗುತ್ತದೆ. ಬೇರ್ಪಟ್ಟ ಫೀನೈಲ್ ಅಸಿಟಿಕ್ ಆಮ್ಲವೂ ವ್ಯರ್ಥವಲ್ಲ, ಪೆನಿಸಿಲಿನ್ ಜಿ ತಯಾರಿಸುವ ಶಿಲೀಂಧ್ರಕ್ಕೆ ಬಾಲದ ಕಚ್ಚಾವಸ್ತುವಾಗಿ ಬೇಕಾಗುವುದು ಅದೇ.

ಕಿಣ್ವಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅವು ಪರಿಸರಸ್ನೇಹಿ ಎಂಬಲ್ಲಿಂದ ಆರಂಭಿಸುತ್ತಾರೆ. ಅದು ಸುಳ್ಳಲ್ಲ, ಆದರೆ ಕಾರ್ಖಾನೆಗಳು ಕಿಣ್ವಗಳತ್ತ ಹೊರಳಿದ್ದಕ್ಕೆ ಅದು ಮುಖ್ಯ ಕಾರಣವೂ ಅಲ್ಲ. ಮೇಲಿನ ಉದಾಹರಣೆಯಲ್ಲಿ ಗಮನಿಸಬೇಕಾದದ್ದು ಆಯ್ಕೆಯ ಶಕ್ತಿ: ಗಟ್ಟಿ ಬಂಧವನ್ನು ಕತ್ತರಿಸಿ ಪಕ್ಕದ ದುರ್ಬಲ ಬಂಧವನ್ನು ಮುಟ್ಟದೆ ಬಿಡುವ ಸಾಮರ್ಥ್ಯ. ಸೌಮ್ಯ ಉಷ್ಣತೆ, ಕಡಿಮೆ ತ್ಯಾಜ್ಯ, ಉಳಿತಾಯವಾಗುವ ಹಂತಗಳು ಇವೆಲ್ಲ ಬಹುಪಾಲು ಅದರ ಫಲಗಳು.

ಈ ಆಯ್ಕೆ ಎಲ್ಲಿಂದ ಬರುತ್ತದೆ? ಕಿಣ್ವವೆಂದರೆ ಕೆಲವು ನೂರು ಅಮೈನೊ ಆಮ್ಲಗಳು ಸಾಲಾಗಿ ಪೋಣಿಸಿಕೊಂಡು, ತಮ್ಮಷ್ಟಕ್ಕೆ ತಾವೇ ಮಡಚಿಕೊಂಡು ನಿರ್ದಿಷ್ಟ ಆಕಾರಕ್ಕೆ ಬಂದಿರುವ ಪ್ರೋಟೀನ್. ಆ ಮಡಿಕೆಗಳ ನಡುವೆ ಒಂದು ಸಣ್ಣ ಕುಳಿ ಇರುತ್ತದೆ. ಸಕ್ರಿಯ ತಾಣ ಎಂದು ಅದಕ್ಕೆ ಹೆಸರು. ಮೂಲ ಪದಾರ್ಥದ ಅಣು ಆ ಕುಳಿಯಲ್ಲಿ ಕುಳಿತಾಗ ಅದರ ಯಾವ ಬಂಧ ಕಿಣ್ವದ ಯಾವ ಗುಂಪಿನ ಎದುರಿಗೆ ಬರಬೇಕೆಂಬುದು ಕುಳಿಯ ಆಕಾರದಿಂದಲೇ ತೀರ್ಮಾನವಾಗಿರುತ್ತದೆ. ಮುರಿಯುವ ಇಲ್ಲವೇ ಕೂಡುವ ಬಂಧ ಹಾದುಹೋಗಬೇಕಾದ ಅಸ್ಥಿರ ನಡುಸ್ಥಿತಿಗೆ ಕಿಣ್ವ ಆಸರೆ ಕೊಡುವುದರಿಂದ ಕ್ರಿಯೆಗೆ ಬೇಕಾದ ಶಕ್ತಿಯ ತಡೆ ತಗ್ಗುತ್ತದೆ, ವೇಗ ಏರುತ್ತದೆ. ಎಷ್ಟು ಏರಬಹುದು ಎಂಬುದಕ್ಕೆ ಜೀವಕೋಶದ ಒಂದು ಕಿಣ್ವವನ್ನು ಹೆಸರಿಸಬಹುದು: ಒರೊಟಿಡಿನ್ ಮೊನೊಫಾಸ್ಫೇಟ್ ಡಿಕಾರ್ಬಾಕ್ಸಿಲೇಸ್ ನೆರವಾಗುವ ಕ್ರಿಯೆ ಕಿಣ್ವವಿಲ್ಲದೆ ಅರ್ಧ ಮುಗಿಯಲು ಸುಮಾರು 7.8 ಕೋಟಿ ವರ್ಷ ಬೇಕೆಂದು 1995ರಲ್ಲಿ ಅಂದಾಜು ಮಾಡಲಾಯಿತು. ಕಿಣ್ವವಿದ್ದರೆ ಅದು ಸೆಕೆಂಡಿನ ಸಣ್ಣ ಭಾಗದಲ್ಲಿ ಮುಗಿಯುತ್ತದೆ. ಒಂದು ಮಿತಿಯನ್ನು ಮಾತ್ರ ಮರೆಯಬಾರದು. ಎಲ್ಲ ವೇಗವರ್ಧಕಗಳಂತೆ ಕಿಣ್ವವೂ ಕ್ರಿಯೆಯನ್ನು ಅದರ ಸಮತೋಲದ ಬಿಂದುವಿನತ್ತ, ಅಂದರೆ ಮುಂದಿನ ಮತ್ತು ಹಿಂದಿನ ಕ್ರಿಯೆಗಳ ವೇಗ ಸಮವಾಗುವ ಸ್ಥಿತಿಯತ್ತ, ಬೇಗ ಒಯ್ಯುತ್ತದೆಯೇ ಹೊರತು ಆ ಬಿಂದುವನ್ನು ಕದಲಿಸಲಾರದು. ಮುಂದೆ ಹೇಳುವ ಹಲವು ಉಪಾಯಗಳ ಹಿಂದೆ ಇರುವುದು ಈ ಮಿತಿ.

ಔಷಧ ತಯಾರಿಕೆಯಲ್ಲಿ ಆಯ್ಕೆಯ ಪ್ರಶ್ನೆ ಅತ್ಯಂತ ತೀವ್ರವಾಗುವುದು ಅಣುಗಳ ಎಡ-ಬಲ ರೂಪಗಳ ವಿಷಯದಲ್ಲಿ. ಒಂದು ಕಾರ್ಬನ್ ಪರಮಾಣುವಿಗೆ ನಾಲ್ಕು ಬೇರೆ ಬೇರೆ ಗುಂಪುಗಳು ಅಂಟಿಕೊಂಡಿದ್ದರೆ ಅವನ್ನು ಎರಡು ಬಗೆಯಲ್ಲಿ ಜೋಡಿಸಬಹುದು. ಎಡಗೈ ಮತ್ತು ಬಲಗೈಯಂತೆ ಒಂದು ಇನ್ನೊಂದರ ಪ್ರತಿಬಿಂಬವಾಗಿರುತ್ತದೆ, ಆದರೆ ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಕುದಿಯುವ ಬಿಂದು, ಕರಗುವ ಗುಣ, ತೂಕ ಎಲ್ಲವೂ ಒಂದೇ ಆಗಿರುವ ಈ ಎರಡನ್ನು ಸಾಮಾನ್ಯ ರಾಸಾಯನಿಕಗಳು ಬೇರೆ ಬೇರೆ ಎಂದು ಗುರುತಿಸುವುದೇ ಇಲ್ಲ. ನಮ್ಮ ದೇಹ ಗುರುತಿಸುತ್ತದೆ, ಏಕೆಂದರೆ ದೇಹದ ಪ್ರೋಟೀನುಗಳೆಲ್ಲ ಒಂದೇ ಬದಿಯ ಅಮೈನೊ ಆಮ್ಲಗಳಿಂದ ಕಟ್ಟಿದವು. ಇದಕ್ಕೆ ಥಾಲಿಡೊಮೈಡ್ ದುರಂತವನ್ನು ಉದಾಹರಿಸುವುದು ವಾಡಿಕೆಯಾಗಿಬಿಟ್ಟಿದೆ. ಆದರೆ ಆ ಔಷಧದ ಎರಡು ರೂಪಗಳು ದೇಹದೊಳಗೆ ಒಂದು ಇನ್ನೊಂದಾಗಿ ಬದಲಾಗುವುದರಿಂದ ಒಂದನ್ನೇ ಕೊಟ್ಟಿದ್ದರೂ ಅನಾಹುತ ತಪ್ಪುತ್ತಿರಲಿಲ್ಲ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಲೆವೊಡೋಪಾ ಇದಕ್ಕಿಂತ ಒಳ್ಳೆಯ ಉದಾಹರಣೆ: 1960ರ ದಶಕದಲ್ಲಿ ಎರಡೂ ರೂಪಗಳ ಮಿಶ್ರಣವನ್ನು ಕೊಟ್ಟು ನೋಡಿದಾಗ ಕೆಲವು ರೋಗಿಗಳಲ್ಲಿ ಬಿಳಿ ರಕ್ತಕಣಗಳು ಕುಸಿದವು, ಬೇಕಾದ ರೂಪವನ್ನಷ್ಟೇ ಬೇರ್ಪಡಿಸಿ ಕೊಟ್ಟ ಮೇಲೆ ಚಿಕಿತ್ಸೆ ನೆಲೆನಿಂತಿತು. 1992ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎರಡೂ ರೂಪಗಳ ಗುಣಗಳನ್ನು ಪ್ರತ್ಯೇಕವಾಗಿ ಅರಿಯಬೇಕೆಂಬ ನೀತಿಯನ್ನು ಪ್ರಕಟಿಸಿದ ಮೇಲಂತೂ ಹೊಸ ಔಷಧಗಳನ್ನು ಒಂದೇ ರೂಪದಲ್ಲಿ ತಯಾರಿಸುವುದು ರೂಢಿಯಾಯಿತು.

ಒಂದೇ ರೂಪವನ್ನು ಪಡೆಯಲು ಕಿಣ್ವವನ್ನು ಎರಡು ರೀತಿಯಲ್ಲಿ ಬಳಸಬಹುದು. ಎರಡೂ ರೂಪಗಳ ಮಿಶ್ರಣವನ್ನು ತಯಾರಿಸಿಕೊಂಡು ಅದರಲ್ಲಿ ಒಂದನ್ನು ಮಾತ್ರ ಮುಟ್ಟುವ ಕಿಣ್ವಕ್ಕೆ ಒಪ್ಪಿಸುವುದು ಹಳೆಯ ರೀತಿ. ನರದ ನೋವಿಗೂ ಅಪಸ್ಮಾರಕ್ಕೂ ಕೊಡುವ ಪ್ರೆಗಾಬಲಿನ್ ಅನ್ನು ಫೈಜರ್ ಕಂಪನಿ ಹೀಗೆ ತಯಾರಿಸತೊಡಗಿತು, ಮತ್ತು ಅದಕ್ಕೆ ಅದು ಆರಿಸಿಕೊಂಡದ್ದು ಬಟ್ಟೆ ತೊಳೆಯುವ ಪುಡಿಗಳಿಗೆಂದು ತಯಾರಾಗುತ್ತಿದ್ದ, ಕೊಬ್ಬನ್ನು ಒಡೆಯುವ ಲೈಪೇಸ್ ಕಿಣ್ವವನ್ನು. ಅದು ನೀರಿನಲ್ಲಿ ಬೇಕಾದ ರೂಪದ ಎಸ್ಟರ್ ಗುಂಪನ್ನಷ್ಟೇ ಬಿಡಿಸುತ್ತದೆ. ಬೇಡವಾದ ರೂಪ ಎಣ್ಣೆಯಂತೆ ಬೇರೆಯಾಗಿ ಉಳಿಯುತ್ತದೆ, ಅದನ್ನು ಕ್ಷಾರದೊಂದಿಗೆ ಕಾಯಿಸಿ ಮತ್ತೆ ಮಿಶ್ರಣವಾಗಿಸಿ ಮೊದಲ ಹಂತಕ್ಕೆ ಹಿಂದಿರುಗಿಸುತ್ತಾರೆ. ಈ ಮರುಬಳಕೆ ಇಲ್ಲದಿದ್ದರೆ ಇಂಥ ವಿಧಾನದಲ್ಲಿ ಅರ್ಧ ಸರಕು ಸದಾ ವ್ಯರ್ಥ. ಒಂದು ಕಿಲೋ ಔಷಧಕ್ಕೆ ಎಷ್ಟು ಕಿಲೋ ತ್ಯಾಜ್ಯ ಎಂಬ ಅಳತೆಯನ್ನು ರೋಜರ್ ಶೆಲ್ಡನ್ 1990ರ ದಶಕದ ಆರಂಭದಲ್ಲಿ ಬಳಕೆಗೆ ತಂದರು. ಪ್ರೆಗಾಬಲಿನ್‌ನ ಮಟ್ಟಿಗೆ ಆ ಸಂಖ್ಯೆ 86ರಿಂದ 17ಕ್ಕೆ ಇಳಿಯಿತು.

ಎರಡನೆಯ ರೀತಿ, ಎಡ-ಬಲ ಭೇದವಿಲ್ಲದ ಸಮತಟ್ಟಾದ ಅಣುವಿನಿಂದ ನೇರವಾಗಿ ಒಂದೇ ರೂಪವನ್ನು ಹುಟ್ಟಿಸುವುದು. ಮಧುಮೇಹದ ಔಷಧ ಸಿಟಾಗ್ಲಿಪ್ಟಿನ್ ಇದರ ಅತ್ಯುತ್ತಮ ಉದಾಹರಣೆ, ಮತ್ತು ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿದ ಕೆಲಸವೆಂದು ನನ್ನ ಎಣಿಕೆ. ಮರ್ಕ್ ಕಂಪನಿಯ ಮೊದಲಿನ ವಿಧಾನದಲ್ಲಿ ಒಂದು ಕೀಟೋನ್ ಅನ್ನು (ನಡುವಿನ ಕಾರ್ಬನ್‌ಗೆ ಆಮ್ಲಜನಕ ಜೋಡಿಬಂಧದಿಂದ ಅಂಟಿರುವ ಸಂಯುಕ್ತ) ಸಾರಜನಕವಿರುವ ಎನಾಮೀನ್ ಆಗಿ ಬದಲಿಸಿ, ಅದಕ್ಕೆ ವಾತಾವರಣದ ಸುಮಾರು 17 ಪಟ್ಟು ಒತ್ತಡದಲ್ಲಿ ಹೈಡ್ರೊಜನ್ ಸೇರಿಸುತ್ತಿದ್ದರು. ವೇಗವರ್ಧಕವಾಗಿ ರೋಡಿಯಮ್ ಎಂಬ ದುಬಾರಿ ಲೋಹ ಬೇಕಿತ್ತು. ಇಷ್ಟಾದರೂ ಬರುವ ಉತ್ಪನ್ನದಲ್ಲಿ ಬೇಡದ ರೂಪ ಸ್ವಲ್ಪ ಬೆರೆತಿರುತ್ತಿತ್ತು, ಅದನ್ನು ತೆಗೆಯಲು ಮತ್ತೆ ಹರಳುಗಟ್ಟಿಸಬೇಕಿತ್ತು, ಉಳಿದ ರೋಡಿಯಮ್ ಅನ್ನು ಇದ್ದಿಲಿನಿಂದ ಹೀರಿಸಬೇಕಿತ್ತು. ಕೀಟೋನ್‌ನ ಆಮ್ಲಜನಕದ ಜಾಗಕ್ಕೆ ನೇರವಾಗಿ ಸಾರಜನಕವಿರುವ ಅಮೈನ್ ಗುಂಪನ್ನು ತಂದು ಕೂರಿಸುವ ಟ್ರಾನ್ಸ್‌ಅಮಿನೇಸ್ ಕಿಣ್ವಗಳು ಪ್ರಕೃತಿಯಲ್ಲಿ ಬೇಕಾದಷ್ಟಿವೆ. ಬಿ6 ಜೀವಸತ್ವದಿಂದ ಬರುವ ಪಿರಿಡಾಕ್ಸಲ್ ಫಾಸ್ಫೇಟ್ ಎಂಬ ಸಹಾಯಕ ಅಣು ಇವುಗಳ ಕುಳಿಯಲ್ಲಿರುತ್ತದೆ. ಅಗ್ಗದ ಐಸೊಪ್ರೊಪೈಲ್ ಅಮೈನ್‌ನಿಂದ ಅದು ಅಮೈನ್ ಗುಂಪನ್ನು ತಾನು ಪಡೆದು, ಬಳಿಕ ಕೀಟೋನಿಗೆ ದಾಟಿಸುತ್ತದೆ.

ತೊಡಕು ಇದ್ದದ್ದು ಗಾತ್ರದಲ್ಲಿ. ಗೊತ್ತಿದ್ದ ಟ್ರಾನ್ಸ್‌ಅಮಿನೇಸುಗಳ ಕುಳಿ ಕೀಟೋನ್‌ನ ಒಂದು ಬದಿಯಲ್ಲಿ ಪುಟ್ಟ ಮೀಥೈಲ್ ಗುಂಪಿಗಷ್ಟೇ ಜಾಗ ಬಿಟ್ಟಿತ್ತು. ಸಿಟಾಗ್ಲಿಪ್ಟಿನ್‌ನ ಕೀಟೋನ್ ಎರಡೂ ಬದಿಯಲ್ಲಿ ದೊಡ್ಡದು. ಪರೀಕ್ಷಿಸಿ ನೋಡಿದರೆ ಗುರುತಿಸುವಷ್ಟು ಕ್ರಿಯೆಯೂ ನಡೆಯಲಿಲ್ಲ. ಕೊಡೆಕ್ಸಿಸ್ ಮತ್ತು ಮರ್ಕ್ ಕಂಪನಿಗಳ ವಿಜ್ಞಾನಿಗಳು ಆಗ ಒಂದು ಬದಿಯನ್ನು ಮೊಟಕುಗೊಳಿಸಿದ ಅಣುವಿನಿಂದ ಆರಂಭಿಸಿದರು. ಅದಕ್ಕೆ ಹೊಂದುವಂತೆ ಮೊದಲು ಕುಳಿಯ ದೊಡ್ಡ ಭಾಗವನ್ನು ತಿದ್ದಿ, ಆಮೇಲೆ ಕಂಪ್ಯೂಟರ್ ಮಾದರಿಯ ನೆರವಿನಿಂದ ಸಣ್ಣ ಭಾಗವನ್ನು ಹಿಗ್ಗಿಸಿದಾಗ ಪೂರ್ಣ ಕೀಟೋನ್‌ನ ಮೇಲೆ ಮೊದಲ ಬಾರಿಗೆ ಕ್ರಿಯೆ ಕಾಣಿಸಿತು: ಒಂದು ಲೀಟರಿನಲ್ಲಿ 2 ಗ್ರಾಂ ಕೀಟೋನಿಗೆ 10 ಗ್ರಾಂ ಕಿಣ್ವ ಹಾಕಿದರೂ ಪರಿವರ್ತನೆ ಶೇ 0.7 ಮಾತ್ರ. ಯಾವ ಕಾರ್ಖಾನೆಯೂ ತಿರುಗಿ ನೋಡದ ಸಂಖ್ಯೆ ಅದು. ಆದರೆ ಸೊನ್ನೆಯಲ್ಲ ಎಂಬುದೇ ಮುಂದಿನ ಕೆಲಸಕ್ಕೆ ಸಾಕಾಯಿತು.

ಆ ಮುಂದಿನ ಕೆಲಸಕ್ಕೆ ನಿರ್ದೇಶಿತ ವಿಕಾಸ ಎಂದು ಹೆಸರು. ಕಿಣ್ವದ ವಂಶವಾಹಿಯಲ್ಲಿ ಅಲ್ಲಲ್ಲಿ ಬದಲಾವಣೆಗಳನ್ನು ತಂದು, ಹಾಗೆ ಬದಲಾದ ಸಾವಿರಾರು ಪ್ರತಿಗಳನ್ನು ಬ್ಯಾಕ್ಟೀರಿಯಾಗಳಿಗೆ ಸೇರಿಸಿ, ಪ್ರತಿಯೊಂದು ತಯಾರಿಸುವ ಕಿಣ್ವವನ್ನು ಸಣ್ಣ ಗುಳಿಗಳಿರುವ ತಟ್ಟೆಗಳಲ್ಲಿ ಪರೀಕ್ಷಿಸುತ್ತಾರೆ. ಉತ್ತಮವಾದವನ್ನು ಆರಿಸಿ, ಅವುಗಳ ಬದಲಾವಣೆಗಳನ್ನು ಒಟ್ಟುಗೂಡಿಸಿ, ಮತ್ತೆ ಬದಲಿಸಿ, ಮತ್ತೆ ಆರಿಸುತ್ತಾರೆ. ಫ್ರಾನ್ಸಿಸ್ ಅರ್ನಾಲ್ಡ್ 1990ರ ದಶಕದ ಆರಂಭದಲ್ಲಿ ಸಬ್ಟಿಲಿಸಿನ್ ಎಂಬ ಕಿಣ್ವವನ್ನು ಹೀಗೆ ಬೆಳೆಸಿ, ಅದು ಸಾವಯವ ದ್ರಾವಕ ಹೆಚ್ಚಿರುವ ಮಾಧ್ಯಮದಲ್ಲೂ ಕೆಲಸ ಮಾಡುವಂತೆ ತೋರಿಸಿದ್ದರು. 2018ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯ ಅರ್ಧಭಾಗ ಅವರಿಗೆ ಸಂದಿತು. ಈ ವಿಧಾನದ ಬಲವಿರುವುದು ಪರೀಕ್ಷೆಯ ಷರತ್ತುಗಳಲ್ಲಿ. ಸುತ್ತಿನಿಂದ ಸುತ್ತಿಗೆ ಉಷ್ಣತೆಯನ್ನು ಏರಿಸಿ, ದ್ರಾವಕವನ್ನು ಹೆಚ್ಚಿಸಿ, ಮೂಲ ಪದಾರ್ಥವನ್ನು ಹೆಚ್ಚು ಸುರಿದು, ಕಾರ್ಖಾನೆಯಲ್ಲಿ ಕಿಣ್ವ ಎದುರಿಸಬೇಕಾದ ಪರಿಸ್ಥಿತಿಯನ್ನೇ ತಟ್ಟೆಯಲ್ಲೂ ಒಡ್ಡಬೇಕು, ಏಕೆಂದರೆ ಯಾವುದಕ್ಕಾಗಿ ಪರೀಕ್ಷಿಸುತ್ತೇವೆಯೋ ಅದಷ್ಟೇ ನಮಗೆ ದಕ್ಕುತ್ತದೆ.

ಸಿಟಾಗ್ಲಿಪ್ಟಿನ್‌ನ ಕಿಣ್ವ ಹೀಗೆ 11 ಸುತ್ತುಗಳನ್ನು ಹಾದು, ಮೂಲದಿಂದ 27 ಕಡೆ ಬದಲಾಗಿ ಹೊರಬಂತು. 2010ರಲ್ಲಿ ಪ್ರಕಟವಾದ ವಿವರಗಳ ಪ್ರಕಾರ ಅದು ಒಂದು ಲೀಟರಿನಲ್ಲಿ 200 ಗ್ರಾಂ ಕೀಟೋನ್ ಅನ್ನು, ಅರ್ಧಭಾಗ ಡಿಎಂಎಸ್‌ಒ ದ್ರಾವಕವಿರುವ ಮಿಶ್ರಣದಲ್ಲಿ, 6 ಗ್ರಾಂ ಕಿಣ್ವದಿಂದ ಶೇ 92ರ ಇಳುವರಿಯೊಂದಿಗೆ ಪರಿವರ್ತಿಸುತ್ತದೆ. ಬೇಡದ ರೂಪ ಪತ್ತೆಗೆ ಸಿಗುವಷ್ಟೂ ಇರುವುದಿಲ್ಲ. ಹಿಂದಿನ ವಿಧಾನಕ್ಕೆ ಹೋಲಿಸಿದರೆ ಒಟ್ಟು ಇಳುವರಿ ಶೇ 10ರಿಂದ 13ರಷ್ಟು ಏರಿತು, ತ್ಯಾಜ್ಯ ಶೇ 19ರಷ್ಟು ಇಳಿಯಿತು, ಹೆಚ್ಚಿನ ಒತ್ತಡದ ಹೈಡ್ರೊಜನ್ ಪಾತ್ರೆಯ ಅಗತ್ಯವೇ ಹೋಯಿತು. ಅಲ್ಲಿಯವರೆಗೆ ಕಿಣ್ವ ಬಳಸಬೇಕೆಂದರೆ ಅದಕ್ಕೆ ಒಗ್ಗುವ ಹದವನ್ನು ಕಾರ್ಖಾನೆ ಒದಗಿಸಬೇಕೆಂಬುದೇ ಸಾಮಾನ್ಯ ತಿಳಿವಳಿಕೆಯಾಗಿತ್ತು. ಈಗ ಲೆಕ್ಕ ತಿರುಗಿತು: ಲಾಭದಾಯಕ ಪ್ರಕ್ರಿಯೆ ಹೇಗಿರಬೇಕೆಂದು ಮೊದಲು ಕಾಗದದ ಮೇಲೆ ಬರೆದುಕೊಂಡು, ಅದಕ್ಕೆ ಒಗ್ಗುವ ಕಿಣ್ವವನ್ನು ಆಮೇಲೆ ರೂಪಿಸಬಹುದು. ಲೈಪೇಸ್‌ನಂತೆ ಅಂಗಡಿಯಲ್ಲಿ ಸಿಗುವ ಕಿಣ್ವವೇ ಸಾಕಾಗುವ ಸಂದರ್ಭಗಳು ಈಗಲೂ ಇವೆ, ಅಂಥಲ್ಲಿ ತಿಂಗಳುಗಟ್ಟಲೆ ವಿಕಾಸದ ಸುತ್ತುಗಳನ್ನು ನಡೆಸುವುದು ದುಂದು.

ಕೆಲವು ಕಿಣ್ವಗಳು ಒಂಟಿಯಾಗಿ ಕೆಲಸ ಮಾಡಲಾರವು. ಕೀಟೋನ್ ಅನ್ನು ಆಲ್ಕೊಹಾಲ್ ಆಗಿ ಬದಲಿಸುವ ಕೀಟೊರಿಡಕ್ಟೇಸ್‌ಗಳಿಗೆ ಹೈಡ್ರೊಜನ್ ತಂದುಕೊಡಲು ಎನ್‌ಎಡಿಪಿಎಚ್ ಎಂಬ ಸಹಕಿಣ್ವ ಬೇಕು. ಒಂದು ಅಣುವಿಗೆ ಒಂದರಂತೆ ಅದು ಖರ್ಚಾಗುವುದಾದರೆ ಔಷಧಕ್ಕಿಂತ ಸಹಕಿಣ್ವವೇ ದುಬಾರಿಯಾಗುತ್ತದೆ. ಆದ್ದರಿಂದ ಬರಿದಾದ ಸಹಕಿಣ್ವವನ್ನು ಅಲ್ಲೇ ಮತ್ತೆ ತುಂಬಿಸುವ ಏರ್ಪಾಟು ಅನಿವಾರ್ಯ. ಗ್ಲೂಕೋಸ್ ಮತ್ತು ಗ್ಲೂಕೋಸ್ ಡಿಹೈಡ್ರೊಜಿನೇಸ್ ಸೇರಿಸಿದರೆ ಗ್ಲೂಕೋಸ್ ತನ್ನ ಹೈಡ್ರೊಜನ್ ಬಿಟ್ಟುಕೊಟ್ಟು ಗ್ಲುಕೋನಿಕ್ ಆಮ್ಲವಾಗುತ್ತದೆ. ಕೊಲೆಸ್ಟರಾಲ್ ಇಳಿಸುವ ಅಟೋರ್ವಾಸ್ಟಾಟಿನ್‌ನ ಮುಖ್ಯ ಮಧ್ಯಂತರ ಪದಾರ್ಥವೊಂದನ್ನು ತಯಾರಿಸುವಾಗ ಅನುಸರಿಸುವುದು ಈ ದಾರಿ. ಅಸ್ತಮಾದ ಔಷಧ ಮಾಂಟೆಲುಕಾಸ್ಟ್‌ನಲ್ಲಿ ಅಗ್ಗದ ಐಸೊಪ್ರೊಪೈಲ್ ಆಲ್ಕೊಹಾಲ್ ಅದೇ ಕೆಲಸವನ್ನು ಮಾಡುತ್ತದೆ, ಅದೇ ಕಿಣ್ವ ಅದರಿಂದ ಹೈಡ್ರೊಜನ್ ಕಿತ್ತು ಕೀಟೋನಿಗೆ ಕೊಡುತ್ತದೆ. ಅಲ್ಲಿ ಇನ್ನೊಂದು ಸೊಗಸಿದೆ. ಮೂಲ ಕೀಟೋನ್ ನೀರಿನಲ್ಲಿ ಕರಗುವುದೇ ಇಲ್ಲವೆನ್ನಬಹುದು, ಆದ್ದರಿಂದ ರಿಯಾಕ್ಟರಿನಲ್ಲಿ ಇರುವುದು ಗಂಜಿಯಂಥ ಮಿಶ್ರಣ. ಕರಗಿದ ಅಷ್ಟಿಷ್ಟು ಅಂಶವನ್ನು ಕಿಣ್ವ ಬದಲಿಸುತ್ತದೆ, ಉತ್ಪನ್ನ ಹುಟ್ಟಿದ ಕೂಡಲೇ ಹರಳಾಗಿ ದ್ರಾವಣದಿಂದ ಹೊರಬೀಳುತ್ತದೆ. ಹೊರಬಿದ್ದದ್ದು ಹಿಂದಕ್ಕೆ ತಿರುಗಲಾರದು, ಹಾಗಾಗಿ ಸಮತೋಲದ ಮಿತಿ ಇಲ್ಲಿ ಅಡ್ಡಬರುವುದಿಲ್ಲ. ಮೊದಲು ಈ ಹಂತಕ್ಕೆ ತೇವ ಸೋಕದಂತೆ ಕಾಯಬೇಕಾದ, ಚರ್ಮ ಸುಡುವ ಬೋರಾನ್ ಸಂಯುಕ್ತವೊಂದನ್ನು ಕೊರೆಯುವ ಚಳಿಯಲ್ಲಿ ಬಳಸುತ್ತಿದ್ದರು. ಕಿಣ್ವಕ್ಕೆ ಸಾಕಾಗುವುದು 45 ಡಿಗ್ರಿ.

ಸಮತೋಲವನ್ನು ಹೀಗೆ ಎಳೆಯುವ ಉಪಾಯ ಪ್ರತಿ ಪ್ರಕ್ರಿಯೆಯಲ್ಲೂ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಸಿಟಾಗ್ಲಿಪ್ಟಿನ್‌ನಲ್ಲಿ ಐಸೊಪ್ರೊಪೈಲ್ ಅಮೈನ್‌ನಿಂದ ಉಳಿಯುವ ಅಸಿಟೋನ್ ಬೇಗ ಆವಿಯಾಗುವಂಥದ್ದು, ಅದನ್ನು ಹೊರಸೆಳೆದರೆ ಕ್ರಿಯೆ ಮುಂದಕ್ಕೇ ಸಾಗುತ್ತದೆ.

ಇಷ್ಟು ಹೇಳಿದ ಮೇಲೆ ತೊಂದರೆಗಳನ್ನು ಮುಚ್ಚಿಡುವುದು ಸರಿಯಲ್ಲ. ಮಣಿಗೆ ಅಂಟಿಸದೆ ಪುಡಿಯಾಗಿಯೇ ಬಳಸಿದ ಕಿಣ್ವ ಕೆಲಸ ಮುಗಿದ ಮೇಲೆ ಹಾಳಾದ ಪ್ರೋಟೀನಾಗಿ ಉಳಿದು, ಔಷಧವನ್ನು ದ್ರಾವಕಕ್ಕೆ ಎಳೆಯುವಾಗ ನೀರು ಮತ್ತು ದ್ರಾವಕದ ನಡುವೆ ನೊರೆಯಂಥ ಪದರವನ್ನು ಕಟ್ಟುತ್ತದೆ. ಫಿಲ್ಟರು ಕಟ್ಟಿಕೊಳ್ಳುತ್ತದೆ, ಪ್ರಯೋಗಾಲಯದ ಲೋಟದಲ್ಲಿ ನಿಮಿಷಗಳಲ್ಲಿ ಬೇರೆಯಾಗುವ ಪದರಗಳು ಸಾವಿರಾರು ಲೀಟರಿನ ಪಾತ್ರೆಯಲ್ಲಿ ಗಂಟೆಗಟ್ಟಲೆ ಕಾಯಿಸುತ್ತವೆ. ಕಿಣ್ವದ ಪುಡಿಯ ಧೂಳು ಉಸಿರಿನೊಂದಿಗೆ ಒಳಹೋದರೆ ಕೆಲಸಗಾರರಲ್ಲಿ ಅಲರ್ಜಿ, ಅಸ್ತಮಾ ಬರುವ ಅಪಾಯವಿರುವುದರಿಂದ ಅದನ್ನು ತೂಗುವುದಕ್ಕೂ ಸುರಿಯುವುದಕ್ಕೂ ಎಚ್ಚರಿಕೆಯ ಏರ್ಪಾಟುಗಳು ಬೇಕು. ನೀರಿನಲ್ಲಿ ನಡೆಯುವ ಪ್ರಕ್ರಿಯೆ ಎಂದಮಾತ್ರಕ್ಕೆ ಅದು ನಿರ್ಮಲವೂ ಅಲ್ಲ, ಲವಣ ಮತ್ತು ದ್ರಾವಕ ಬೆರೆತ ಆ ನೀರನ್ನು ಶುದ್ಧೀಕರಿಸದೆ ಹೊರಬಿಡುವಂತಿಲ್ಲ. ಮಾತ್ರೆಯಲ್ಲಿ ಕಿಣ್ವದ ಅಂಶ ಉಳಿದಿದೆಯೇ ಎಂಬ ಪ್ರಶ್ನೆಗೂ ತಯಾರಕರು ಉತ್ತರಿಸಬೇಕಾಗುತ್ತದೆ. ಕಿಣ್ವದ ಹಂತದ ನಂತರ ಹಲವು ಶುದ್ಧೀಕರಣಗಳು ನಡೆಯುವುದರಿಂದ ಸಾಮಾನ್ಯವಾಗಿ ಅದು ದೊಡ್ಡ ಸಮಸ್ಯೆಯಾಗದು. ಆದರೆ ಕಿಣ್ವ ಬಳಸುವ ಹಂತವೇ ಕೊನೆಯದಾಗಿದ್ದರೆ, ಅದರಲ್ಲೂ ಔಷಧ ಚುಚ್ಚುಮದ್ದಿನದಾಗಿದ್ದರೆ, ಉಳಿದ ಪ್ರೋಟೀನಿನ ಜೊತೆಗೆ ಬ್ಯಾಕ್ಟೀರಿಯಾದ ಕೋಶಭಿತ್ತಿಯಿಂದ ಬರುವ, ಜ್ವರ ತರಿಸುವ ಎಂಡೊಟಾಕ್ಸಿನ್‌ಗಳನ್ನೂ ಅಳೆಯಬೇಕು. ಲೋಹದ ವೇಗವರ್ಧಕಗಳಿಗೂ ಇಂಥ ನಿರ್ಬಂಧ ಇದ್ದೇ ಇದೆ: ಬಾಯಿಯ ಮೂಲಕ ತೆಗೆದುಕೊಳ್ಳುವ ಔಷಧದಲ್ಲಿ ರೋಡಿಯಮ್ ಅಥವಾ ಪೆಲೇಡಿಯಮ್ ದಿನಕ್ಕೆ 100 ಮೈಕ್ರೊಗ್ರಾಂ ಮೀರಬಾರದೆಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ.

ಒಂದು ಹಂತಕ್ಕೆ ಒಂದು ಕಿಣ್ವ ಎಂಬ ಮಿತಿಯನ್ನು ದಾಟಿ, ಇಡೀ ಔಷಧವನ್ನು ಕಿಣ್ವಗಳ ಸರಣಿಯಿಂದಲೇ ಕಟ್ಟುವ ಪ್ರಯತ್ನಗಳು ಈಚಿನವು. 2019ರಲ್ಲಿ ಮರ್ಕ್ ತಂಡ ಎಚ್‌ಐವಿ ವಿರುದ್ಧ ಪರೀಕ್ಷೆಯಲ್ಲಿದ್ದ ಇಸ್ಲಾಟ್ರಾವಿರ್ ಅನ್ನು ಒಟ್ಟು ಒಂಬತ್ತು ಕಿಣ್ವಗಳಿಂದ ತಯಾರಿಸಿ ತೋರಿಸಿತು. ಅವುಗಳಲ್ಲಿ ಐದನ್ನು ನಿರ್ದೇಶಿತ ವಿಕಾಸದಿಂದ ರೂಪಿಸಲಾಗಿತ್ತು, ಉಳಿದ ನಾಲ್ಕು ಅವುಗಳ ಬೆಂಬಲಕ್ಕೆ. ಹಿಂದಿನ ರಾಸಾಯನಿಕ ಮಾರ್ಗಗಳಿಗೆ ಹನ್ನೆರಡರಿಂದ ಹದಿನೆಂಟು ಹಂತಗಳು ಬೇಕಿದ್ದವು. ಇಲ್ಲಿ ನಡುವಿನ ಪದಾರ್ಥಗಳನ್ನು ಬೇರ್ಪಡಿಸದೆ ಮೂರೇ ಹಂತಗಳಲ್ಲಿ ಶೇ 51ರ ಇಳುವರಿ ಬಂತು. ಬೆಂಬಲದ ಕಿಣ್ವಗಳ ಕೆಲಸ ಗಮನಿಸುವಂಥದ್ದು. ಮೊದಲ ಉತ್ಕರ್ಷಣದಲ್ಲಿ ಹುಟ್ಟುವ ಹೈಡ್ರೊಜನ್ ಪೆರಾಕ್ಸೈಡ್ ಉಳಿದರೆ ಕಿಣ್ವವನ್ನೇ ಹಾಳುಮಾಡುತ್ತದೆ, ಅದನ್ನು ಕೆಟಲೇಸ್ ಒಡೆದುಹಾಕುತ್ತದೆ. ಕೊನೆಯ ಜೋಡಣೆಯ ಕಿಣ್ವ ಬ್ಯಾಕ್ಟೀರಿಯಾದಲ್ಲಿ ಅಣುವನ್ನು ಒಡೆಯಲು ಇರುವಂಥದ್ದು, ಇಲ್ಲಿ ಅದನ್ನು ಉಲ್ಟಾ ದಿಕ್ಕಿನಲ್ಲಿ ಓಡಿಸಬೇಕು. ಜೋಡಣೆಯಾದಾಗ ಬಿಡುಗಡೆಯಾಗುವ ಫಾಸ್ಫೇಟ್ ಅಲ್ಲೇ ಉಳಿದರೆ ಕ್ರಿಯೆ ಹಿಂದಕ್ಕೆ ಸರಿಯುತ್ತದೆ. ಅದಕ್ಕಾಗಿ ಸಕ್ಕರೆಯನ್ನೂ ಸುಕ್ರೋಸ್ ಫಾಸ್ಫೊರಿಲೇಸ್ ಎಂಬ ಕಿಣ್ವವನ್ನೂ ಸೇರಿಸಿ, ಫಾಸ್ಫೇಟನ್ನು ಸಕ್ಕರೆಗೆ ಅಂಟಿಸಿ ದಾರಿಯಿಂದ ತೆಗೆಯುತ್ತಾರೆ. ಇಷ್ಟೊಂದು ಕಿಣ್ವಗಳು ಒಟ್ಟಿಗೆ ಕೆಲಸ ಮಾಡಬೇಕಾದರೆ ಎಲ್ಲವೂ ಒಂದೇ ಉಷ್ಣತೆ, ಒಂದೇ ಪಿಎಚ್‌ಗೆ ಒಪ್ಪಬೇಕು ಮತ್ತು ಒಂದರ ಮೂಲ ಪದಾರ್ಥವನ್ನು ಇನ್ನೊಂದು ಮುಟ್ಟಬಾರದು. ಆದ್ದರಿಂದಲೇ ಆ ತಂಡ ಎಲ್ಲವನ್ನೂ ಒಂದೇ ಬಾರಿಗೆ ಬೆರೆಸಲಿಲ್ಲ. ಮೊದಲೆರಡು ಹಂತಗಳ ಮುಖ್ಯ ಕಿಣ್ವಗಳನ್ನು ರಾಳಕ್ಕೆ ಅಂಟಿಸಿ, ಅವುಗಳ ಸರದಿ ಮುಗಿದ ಕೂಡಲೇ ಸೋಸಿ ಹೊರತೆಗೆದು, ಉಳಿದ ದ್ರಾವಣವನ್ನು ಮುಂದಿನ ಹಂತಕ್ಕೆ ಕಳುಹಿಸಿತು.